ಹವಾಯಿಯಲ್ಲಿ ಇವತ್ತು ಯಾವ ಬೀಚು? ಗಾಳಿ, ಅಲೆ ನೋಡಿ ಆರಿಸುವ ಬಗೆ

ಹವಾಯಿಗೆ ಟಿಕೆಟ್ ಮಾಡಿಸಿದವರೆಲ್ಲ ಕೇಳುವುದು ಒಂದೇ: "ಅಲ್ಲಿ ಈಗ ವೆದರ್ ಹೇಗಿರುತ್ತೆ?" ಇದಕ್ಕೆ ಉತ್ತರ ಇಲ್ಲ. ಜುಲೈನಲ್ಲಿ ಕರ್ನಾಟಕದಲ್ಲಿ ಮಳೆ ಹೇಗೆ ಅಂತ ಯಾರಾದರೂ ಕೇಳಿದರೆ ನೀವು ಆಗುಂಬೆಯಲ್ಲೋ ಹಿರಿಯೂರಲ್ಲೋ ಅಂತ ತಿರುಗಿ ಕೇಳುತ್ತೀರಿ ಅಲ್ವಾ? ಇಲ್ಲೂ ಹಾಗೇ. ಬಿಗ್ ಐಲೆಂಡಿನ ಹೀಲೋದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅಲ್ಲಿಂದ ನೂರು ಚಿಲ್ಲರೆ ಕಿಲೋಮೀಟರ್ ಕಾರು ಓಡಿಸಿದರೆ ಕವಾಯ್‌ಹಾಯಿ, ಅಲ್ಲಿ 250ರ ಆಸುಪಾಸು. ಹಾಗಾಗಿ ಯಾವ ದ್ವೀಪ ಅನ್ನುವುದಕ್ಕಿಂತ ದ್ವೀಪದ ಯಾವ ಮಗ್ಗುಲು ಅನ್ನುವುದು ಮುಖ್ಯ.

ಮೊದಲು ಮ್ಯಾಪ್ ತೆಗೆಯಿರಿ. ಹವಾಯಿಯ ಈಶಾನ್ಯಕ್ಕೆ, ಪೆಸಿಫಿಕ್ ಕಡಲ ಮೇಲೆ, ಒಂದು ದೊಡ್ಡ ಅಧಿಕ ಒತ್ತಡದ ಪ್ರದೇಶ ಹೆಚ್ಚುಕಡಿಮೆ ಕಾಯಂ ಕೂತಿರುತ್ತದೆ. ಅದರ ಸುತ್ತ ತಿರುಗಿ ಬರುವ ಗಾಳಿಯೇ ಟ್ರೇಡ್ ವಿಂಡ್, ನಾವು ಶಾಲೆಯಲ್ಲಿ ವಾಣಿಜ್ಯ ಮಾರುತ ಅಂತ ಓದಿದ್ದು. ಮ್ಯಾಪಿನ ಮೇಲೆ ಈಶಾನ್ಯದಿಂದ ಒಂದು ಬಾಣ ಎಳೆಯಿರಿ. ಬಾಣ ತಾಗುವ ಮಗ್ಗುಲು ಹಸಿರು, ಮೋಡ, ಆಗಾಗ ಹನಿ. ಬೆಟ್ಟದ ಆಚೆ, ಗಾಳಿ ಮರೆಯ ಮಗ್ಗುಲು ಒಣ, ಬಿಸಿಲು. ದೊಡ್ಡ ಹೋಟೆಲ್‌ಗಳೆಲ್ಲ ಬಹುಪಾಲು ಈ ಒಣ ಕಡೆಯೇ ಇರುವುದು ಸುಮ್ನೆ ಅಲ್ಲ.

ಸ್ಥಳೀಯ ಮುನ್ಸೂಚನೆಯಲ್ಲಿ ಮೌಕಾ ಅನ್ನುವ ಮಾತು ಬರುತ್ತಿರುತ್ತದೆ. ಬೆಟ್ಟದ ಕಡೆ ಅಂತ ಅರ್ಥ. ಮಕಾಯ್ ಅಂದರೆ ಕಡಲ ಕಡೆ. ಗಾಳಿಗೆ ಎದುರಿನ ಮಗ್ಗುಲಿಗೂ ಮೌಕಾಕ್ಕೂ ಮಳೆ ಅಂತ ಬರೆದಿದ್ದರೆ ಓವಾಹು ದ್ವೀಪದ ಒಣ ಮಗ್ಗುಲಿನ ವೈಕಿಕಿಯಲ್ಲಿ ಇರುವವರು ಪ್ಲಾನ್ ಬದಲಿಸಬೇಕಿಲ್ಲ. ಈ ಮಳೆ ಜಾಸ್ತಿ ಬೀಳುವುದು ರಾತ್ರಿ ಮತ್ತು ಬೆಳಗಿನ ಜಾವ. ಗಾಳಿ ಜೋರಾಗುವುದು ಮಧ್ಯಾಹ್ನ. ಕಯಾಕ್ ಓಡಿಸುವುದಿದ್ದರೆ, ಮಕ್ಕಳಿಗೆ ಮೀನು ತೋರಿಸುವುದಿದ್ದರೆ ಬೆಳಗ್ಗೆ ಬೇಗ ಎದ್ದು ಹೊರಡಿ, ತಿಂಡಿ ಕಟ್ಟಿಕೊಂಡೇ ಹೋಗಿ.

ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಮೇಯಿಂದ ಸೆಪ್ಟೆಂಬರ್‌ವರೆಗೆ, ಈ ಲೆಕ್ಕ ಬಹಳ ಮಟ್ಟಿಗೆ ಹಿಡಿಯುತ್ತದೆ, ಆಗ ಹೆಚ್ಚಿನ ದಿನ ಟ್ರೇಡ್ ಗಾಳಿಯೇ. ಚಳಿಗಾಲದಲ್ಲಿ ಮಾತ್ರ ಕೈಕೊಡುತ್ತದೆ. ಗಾಳಿ ದಕ್ಷಿಣದಿಂದಲೋ ನೈಋತ್ಯದಿಂದಲೋ ಬೀಸತೊಡಗಿತು ಅಂದರೆ ಅದು ಕೋನಾ ಗಾಳಿ. ಆಗ ಎಲ್ಲ ತಿರುವುಮುರುವು: ಒಣ ಮಗ್ಗುಲಲ್ಲೇ ಮಳೆ ಸುರಿಯುತ್ತದೆ, ಸೆಕೆ ಏರುತ್ತದೆ, ಬಿಗ್ ಐಲೆಂಡಿನ ಕಿಲಾವೆಯಾ ಜ್ವಾಲಾಮುಖಿ ಹೊಗೆ ಉಗುಳುತ್ತಿದ್ದರೆ ಅದು ಬೇರೆ ದ್ವೀಪಗಳವರೆಗೂ ಹರಡುತ್ತದೆ. ಆಸ್ತಮಾ ಇರುವವರು ಇನ್‌ಹೇಲರ್ ಮರೆಯಬೇಡಿ.

ಇನ್ನು ಅಲೆ. ಇಲ್ಲೇ ಜನ ಎಡವುವುದು, ನಾನೂ ಎಡವಿದ್ದೆ. ಓವಾಹುವಿನ ಉತ್ತರ ತೀರದ ಶಾರ್ಕ್ಸ್ ಕೋವ್‌ನ ಫೋಟೋ ನೋಡಿ, ನೀರು ಕೆರೆಯ ಹಾಗೆ ತಣ್ಣಗಿದೆ ಅಂತ ಡಿಸೆಂಬರಿನಲ್ಲಿ ಸ್ನಾರ್ಕೆಲ್ (ನೀರಲ್ಲಿ ಮುಖ ಅದ್ದಿ ಉಸಿರಾಡುವ ಕೊಳವೆ) ಹಿಡಿದುಕೊಂಡು ಸಂಸಾರ ಸಮೇತ ಹೋಗಿ ನಿಂತೆ. ಕಂಡದ್ದು ಬಂಡೆಗೆ ಅಪ್ಪಳಿಸಿ ಮನೆ ಎತ್ತರಕ್ಕೆ ಹಾರುತ್ತಿದ್ದ ನೊರೆ. ಫೋಟೋ ಬೇಸಿಗೆಯದ್ದು!

ಯಾಕೆ ಹೀಗೆ ಅಂದರೆ, ದೊಡ್ಡ ಅಲೆಗೆ ಅಲ್ಲಿಯ ಗಾಳಿ ಕಾರಣವೇ ಅಲ್ಲ. ಚಳಿಗಾಲದಲ್ಲಿ ಜಪಾನಿನಿಂದ ಅಲ್ಯೂಷನ್ ದ್ವೀಪಗಳವರೆಗಿನ ಕಡಲಲ್ಲಿ ಬಿರುಗಾಳಿ ಎದ್ದು, ಅದು ಎಬ್ಬಿಸಿದ ಅಲೆ, ಅಂದರೆ ಸ್ವೆಲ್, ಸಾವಿರಾರು ಕಿಲೋಮೀಟರ್ ದಾಟಿ ಉತ್ತರ ತೀರಕ್ಕೆ ಬಡಿಯುತ್ತದೆ. ಬೇಸಿಗೆಯಲ್ಲಿ ಅಲೆ ಬರುವುದು ನ್ಯೂಜಿಲೆಂಡ್ ಕಡೆಯಿಂದ, ದಾರಿಗೇ ಒಂದು ವಾರ ಬೇಕು. ಅದು ದಕ್ಷಿಣ ತೀರಕ್ಕೆ. ಪೂರ್ವ ತೀರಕ್ಕೆ ಟ್ರೇಡ್ ಗಾಳಿಯದೇ ಅಲೆ, ಕುಳ್ಳ, ಕದಡಿದ ನೀರು, ವರ್ಷವಿಡೀ.

ಮುನ್ಸೂಚನೆಯಲ್ಲಿ ಮೂರು ಸಂಗತಿ ನೋಡಿ: ದಿಕ್ಕು, ಅಡಿ, ಸೆಕೆಂಡ್. ದಿಕ್ಕು ಅಂದರೆ ಎಲ್ಲಿಂದ ಬರುತ್ತಿದೆ ಅಂತ, ನಮ್ಮ ಪಡುವಣ ಗಾಳಿ ಅನ್ನುವ ಹಾಗೇ. ಎಲ್ಲರೂ ಅಡಿ ನೋಡಿ ಸುಮ್ಮನಾಗುತ್ತಾರೆ, ಆದರೆ ಗುಟ್ಟಿರುವುದು ಸೆಕೆಂಡಿನಲ್ಲಿ. ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸಮಯ ಅದು. 6 ಅಡಿ, 8 ಸೆಕೆಂಡ್ ಅಂದರೆ ಗಾಳಿ ಎಬ್ಬಿಸಿದ ಅಲೆ, ಕಿರಿಕಿರಿ ಅಷ್ಟೇ. ಅದೇ 6 ಅಡಿ, 16 ಸೆಕೆಂಡ್ ವಾಯವ್ಯದಿಂದ ಅಂದರೆ ದೂರದ ಬಿರುಗಾಳಿಯ ಶಕ್ತಿ ನೀರಿನ ಆಳದಲ್ಲಿ ಅಡಗಿ ಬರುತ್ತಿದೆ. ಉತ್ತರ ತೀರದ ಪೈಪ್‌ಲೈನ್ ಅನ್ನುವ ಸರ್ಫಿಂಗ್ ಜಾಗದಂಥ ಕಡೆ ಅದು ಹವಳದ ದಿಬ್ಬಕ್ಕೆ ತಾಗಿ ಎರಡು ಪಟ್ಟು ಎದ್ದು ನಿಲ್ಲಬಹುದು. ಸೆಕೆಂಡ್ ಜಾಸ್ತಿ ಇರುವ ಈ ಅಲೆಗಳು ಓಡುವುದೂ ಬೇಗ, ಮೊದಲು ತಲುಪುವುದೂ ಅವೇ. ಬೆಳಗ್ಗೆ ಸಪ್ಪಗಿದ್ದ ತೀರ ಸಂಜೆಗೆ ಅಬ್ಬರಿಸುವುದು ಹೀಗೆ. ಕವಾಯಿ ದ್ವೀಪದ ವಾಯವ್ಯಕ್ಕೆ ಕಡಲಲ್ಲಿ ತೇಲಿಬಿಟ್ಟಿರುವ 51101 ನಂಬರಿನ ಅಳತೆ ಯಂತ್ರದ ಅಂಕಿ ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದು. ಅಲ್ಲಿ ಸೆಕೆಂಡ್ ಏರಿತು ಅಂದರೆ ಕೆಲವೇ ಗಂಟೆಗಳಲ್ಲಿ ಉತ್ತರ ತೀರದ ಸರದಿ.

ಇನ್ನೊಂದು ತಮಾಷೆ. ಅಲ್ಲಿನ ಹಳೇ ಸರ್ಫರ್‌ಗಳು ಅಲೆಯನ್ನು ಬೆನ್ನಿನಿಂದ ಅಳೆಯುತ್ತಾರೆ, ಅದು ಮುಂಭಾಗದ ಎತ್ತರದ ಸುಮಾರು ಅರ್ಧ. ಅವರು 20 ಅಡಿ ಅಂದರೆ ಎದುರು ನಿಂತವರಿಗೆ 40 ಅಡಿ. ಉತ್ತರ ತೀರದ ವೈಮಿಯಾ ಕೊಲ್ಲಿಯಲ್ಲಿ ಸರ್ಫರ್ ಎಡ್ಡಿ ಐಕಾವು ನೆನಪಿನ ಸರ್ಫಿಂಗ್ ಸ್ಪರ್ಧೆ ನಡೆಯಬೇಕಾದರೆ ಅಷ್ಟಾದರೂ ಬೇಕು, ಅದಕ್ಕೇ ಅದು ಅಪರೂಪ. 2023ರ ಜನವರಿಯಲ್ಲಿ ಅದನ್ನು ಗೆದ್ದ ಲ್ಯೂಕ್ ಶೆಪರ್ಡ್‌ಸನ್ ಅವತ್ತು ಅದೇ ಬೀಚಿನಲ್ಲಿ ಡ್ಯೂಟಿ ಮೇಲಿದ್ದ ಲೈಫ್‌ಗಾರ್ಡ್! ಸರ್ಕಾರಿ ಮುನ್ಸೂಚನೆ ಮಾತ್ರ ಮುಂಭಾಗದ ಎತ್ತರವನ್ನೇ ಕೊಡುತ್ತದೆ. ಸರ್ಫ್‌ಬೋರ್ಡ್ ಅಂಗಡಿಯವನು 3 ಅಡಿ ಅಂದರೆ ಯಾವ ಲೆಕ್ಕದ 3 ಅಂತ ಕೇಳಿಕೊಳ್ಳಿ.

ಸರ್ಫಿಂಗ್ ಕಲಿಯುವುದಿದ್ದರೆ ವೈಕಿಕಿಗೆ ಹೋಗಿ. ಅಲ್ಲಿ ಟ್ರೇಡ್ ಗಾಳಿ ನೆಲದಿಂದ ಕಡಲಿಗೆ ಬೀಸಿ ಅಲೆಯ ಮುಖವನ್ನು ನಯ ಮಾಡುತ್ತದೆ, ದಿಬ್ಬವೂ ದೂರದಲ್ಲಿದೆ. ಮುಲ್ಕಿಯಲ್ಲಿ ಮರಳಿನ ಮೇಲೆ ಒಂದಷ್ಟು ದಿನ ಕಲಿತು ಬಂದವರೂ ಇಲ್ಲೇ ಶುರು ಮಾಡಿ, ಪೈಪ್‌ಲೈನನ್ನು ದಡದಲ್ಲಿ ಕೂತು ನೋಡಿ.

ಬೀಚಿಗೆ ಹೋದ ಮೇಲೂ ತಕ್ಷಣ ನೀರಿಗೆ ಇಳಿಯಬೇಡಿ. ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಹತ್ತು ಹದಿನೈದು ನಿಮಿಷ ಎಲ್ಲ ಶಾಂತವಾಗಿರುತ್ತದೆ, ಮೋಸ ಹೋಗುವುದು ಆಗಲೇ. ಇಪ್ಪತ್ತು ನಿಮಿಷ ಕೂತು ನೋಡಿ. ಒದ್ದೆ ಬಂಡೆ ಮೇಲೆ ಸೆಲ್ಫಿ ಬೇಡ. ನೊರೆ ಇಲ್ಲದ, ಕಪ್ಪಗೆ ಕಾಣುವ ನೀರಿನ ಓಣಿ ಕಂಡರೆ ಅದು ಇಳಿಯಲು ಒಳ್ಳೇ ಜಾಗ ಅಲ್ಲ, ಒಳಕ್ಕೆ ಎಳೆದುಕೊಂಡು ಹೋಗುವ ಸೆಳೆತ. ಕೊನೆಗೆ ಕ್ಯಾಲೆಂಡರನ್ನೂ ನೋಡಿ: ಹುಣ್ಣಿಮೆ ಕಳೆದು ಎಂಟರಿಂದ ಹತ್ತು ದಿನಕ್ಕೆ ಓವಾಹುವಿನ ದಕ್ಷಿಣ ತೀರಕ್ಕೆ ಚುಚ್ಚುವ ಬಾಕ್ಸ್ ಜೆಲ್ಲಿ ಮೀನು ಬರುತ್ತವೆ. ಆ ಎರಡು ಮೂರು ದಿನ ವೈಕಿಕಿಯಲ್ಲಿ ಲೈಫ್‌ಗಾರ್ಡನ್ನು ಕೇಳಿಯೇ ನೀರಿಗೆ ಇಳಿಯಿರಿ.