ಗ್ರೀನ್ ಕಾರ್ಡ್‌ನಿಂದ ಪೌರತ್ವಕ್ಕೆ: ಅರ್ಜಿಗೆ ಮುಂಚೆ ದಿನ ಎಣಿಸಿ

ಅಮೆರಿಕದಲ್ಲಿ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕಿ ಐದು ವರ್ಷ ತುಂಬಿದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಊರಿಗೆ ಹೋಗಿಬಂದ ಲೆಕ್ಕದಲ್ಲಿ, ಅದರಲ್ಲೂ ಮಕ್ಕಳ ಮೂಲಕ ಕಾರ್ಡ್ ಪಡೆದು, ಚಳಿ ಶುರುವಾದ ಕೂಡಲೇ ಮೈಸೂರಿಗೋ ಶಿವಮೊಗ್ಗಕ್ಕೋ ಹೊರಟುಬಿಡುವ ಅಪ್ಪ-ಅಮ್ಮಂದಿರು.

ಮೊದಲು ಕಾರ್ಡ್ ತೆಗೆದು ನೋಡಿ. ‘ರೆಸಿಡೆಂಟ್ ಸಿನ್ಸ್’ ಅಂತ ಒಂದು ತಾರೀಕು ಇರುತ್ತದೆ, ಎಣಿಕೆ ಅಲ್ಲಿಂದ. ಅದಕ್ಕೂ ಹಿಂದೆ ಎಚ್-1ಬಿ ವೀಸಾದಲ್ಲಿ ಹತ್ತು ವರ್ಷ ದುಡಿದು ಟ್ಯಾಕ್ಸ್ ಕಟ್ಟಿದ್ದರೂ ಒಂದು ದಿನವೂ ಸೇರುವುದಿಲ್ಲ. ಹೊಟ್ಟೆ ಉರಿಯುತ್ತದೆ, ಅಲ್ವಾ? ನಿಮ್ಮ ಗಂಡ ಅಥವಾ ಹೆಂಡತಿ ಮೂರು ವರ್ಷದಿಂದ ಅಮೆರಿಕದ ಪ್ರಜೆಯಾಗಿದ್ದು, ಅಷ್ಟೂ ಕಾಲ ನೀವು ಗಂಡ-ಹೆಂಡತಿಯಾಗಿ ಒಟ್ಟಿಗೇ ಇದ್ದರೆ, ಐದರ ಬದಲು ಮೂರೇ ವರ್ಷ ಸಾಕು.

ಆಮೇಲೆ ಪಾಸ್‌ಪೋರ್ಟ್‌ನ ಸೀಲುಗಳನ್ನು ನೋಡಿಕೊಂಡು ಪ್ರತಿ ಪ್ರಯಾಣವನ್ನೂ ಬರೆದಿಡಿ. ಐದು ವರ್ಷದಲ್ಲಿ ಒಟ್ಟು 30 ತಿಂಗಳು, ಅಂದರೆ 913 ದಿನ, ಅಮೆರಿಕದ ನೆಲದಲ್ಲೇ ಇದ್ದಿರಬೇಕು. ವಿಮಾನ ಹತ್ತಿದ ದಿನ, ವಾಪಸ್ ಇಳಿದ ದಿನ ಎರಡೂ ನಿಮ್ಮ ಖಾತೆಗೇ ಜಮಾ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಒಟ್ಟು ದಿನ ಬೇಕಾದಷ್ಟಿದ್ದರೂ ಒಂದೇ ಒಂದು ಉದ್ದದ ಪ್ರಯಾಣ ಎಲ್ಲ ಕೆಡಿಸಬಹುದು. ಅಪ್ಪನ ಕಣ್ಣಿನ ಆಪರೇಷನ್, ಸೈಟಿನ ಖಾತೆ, ಆಮೇಲೆ ತಂಗಿ ಮಗಳ ಮದುವೆ ಅಂತ ಏಳು ತಿಂಗಳು ಊರಲ್ಲೇ ಉಳಿದಿರಿ ಅನ್ನಿ. ಆರು ತಿಂಗಳು ದಾಟಿದ ತಕ್ಷಣ, ಪೌರತ್ವಕ್ಕೆ ಬೇಕಾದ ನಿಮ್ಮ ನಿರಂತರ ವಾಸ ಕಡಿದುಹೋಯಿತು ಅಂತಲೇ ಅಧಿಕಾರಿಗಳು ಹಿಡಿಯುತ್ತಾರೆ. ಇಲ್ಲ ಅಂತ ತೋರಿಸುವುದು ನಿಮ್ಮ ಹೊಣೆ: ಕೆಲಸ ಬಿಟ್ಟಿರಲಿಲ್ಲ, ಮನೆ ಹಾಗೇ ಇತ್ತು, ಹೆಂಡತಿ ಮಕ್ಕಳು ಅಮೆರಿಕದಲ್ಲೇ ಇದ್ದರು ಅನ್ನುವುದಕ್ಕೆ ಕಾಗದ ಬೇಕು. ಒಂದು ವರ್ಷ ಅಥವಾ ಜಾಸ್ತಿ ಆದರೆ, ಕೆಲವು ಕೆಲಸಗಳಿಗಿರುವ ವಿನಾಯಿತಿ ಬಿಟ್ಟರೆ, ವಾಸ ಕಡಿದಂತೆಯೇ. ರೀ-ಎಂಟ್ರಿ ಪರ್ಮಿಟ್, ಅಂದರೆ ಹೆಚ್ಚು ಕಾಲ ಹೊರಗಿದ್ದು ವಾಪಸ್ ಬರಲು ಮೊದಲೇ ಪಡೆಯುವ ಅನುಮತಿ, ಇದ್ದರೆ ಕಾರ್ಡ್ ಉಳಿಯಬಹುದು, ಈ ಎಣಿಕೆ ಉಳಿಯುವುದಿಲ್ಲ. ಸುಮ್ನೆ ರಿಸ್ಕ್ ಯಾಕೆ, ಐದು ತಿಂಗಳಿಗೇ ರಿಟರ್ನ್ ಟಿಕೆಟ್ ಮಾಡಿಸಿ.

ಐದು ವರ್ಷ ತುಂಬಲು 90 ದಿನ ಇರುವಾಗಲೇ ಎನ್-400, ಅಂದರೆ ಪೌರತ್ವದ ಅರ್ಜಿ, ಹಾಕಲು ಅವಕಾಶವಿದೆ. ಕಾರ್ಡ್ ಮೇಲೆ 2021ರ ಜೂನ್ 10 ಅಂತಿದ್ದರೆ 2026ರ ಮಾರ್ಚ್ 12ರ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಆದರೆ ಮೊದಲ ದಿನವೇ ನುಗ್ಗಬೇಡಿ, ಒಂದು ವಾರ ಬಿಟ್ಟು ಹಾಕಿ. ಒಂದು ದಿನ ಮುಂಚೆ ಹಾಕಿದರೂ ಅರ್ಜಿ ಬಿದ್ದುಹೋಗುತ್ತದೆ, ಫೀಸೂ ಹೋಗುತ್ತದೆ. ಈ 90 ದಿನದ ರಿಯಾಯಿತಿ 913 ದಿನದ ಲೆಕ್ಕಕ್ಕೆ ಇಲ್ಲ, ಅದು ಅರ್ಜಿ ಹಾಕುವ ದಿನಕ್ಕೇ ತುಂಬಿರಬೇಕು. ನ್ಯೂಜೆರ್ಸಿಯಿಂದ ಟೆಕ್ಸಾಸ್‌ಗೆ ಈಗಷ್ಟೇ ಮನೆ ಬದಲಿಸಿದ್ದರೆ ಹೊಸ ರಾಜ್ಯದಲ್ಲಿ ಮೂರು ತಿಂಗಳು ಕಳೆದಿರಲಿ.

ಅರ್ಜಿ ಹೋಯಿತು ಅಂತ ಊರಿಗೆ ಲಾಂಗ್ ಟ್ರಿಪ್ ಹಾಕುವವರೂ ಇದ್ದಾರೆ. ಪ್ರಮಾಣವಚನದ ದಿನದವರೆಗೂ ವಾಸ ಕಡಿಯಬಾರದು, ಸಂದರ್ಶನದಲ್ಲಿ ಆ ಪ್ರಯಾಣವನ್ನೂ ಕೇಳುತ್ತಾರೆ.