ಜೈಲಿಂದ ಬಂದವರನ್ನು ಒಂಬತ್ತನೇ ಕ್ಲಾಸಿಗೆ ಕರೆದೆ: ನನ್ನ ಅನುಭವ

"ಕಳ್ಳನ ಕೈಗೆ ಬೀಗದ ಕೈ ಕೊಡ್ತಿದ್ದೀರಲ್ಲ ಮೇಷ್ಟ್ರೇ" ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. ಮೊದಲೆರಡು ಸಲ ಅವರ ಮಾತೇ ನಿಜವಾಯಿತು, ಅದನ್ನೂ ಹೇಳಿಬಿಡುತ್ತೇನೆ.

ತಪ್ಪು ದಾರಿ ಹಿಡಿಯಬೇಡಿ ಅಂತ ಮಕ್ಕಳಿಗೆ ಹೇಳಿಸಲು ನಾನು ಕರೆದ ಅಣ್ಣ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾದವರು. ಸುಮಾರು 15 ವರ್ಷ ಒಳಗಿದ್ದು ಸನ್ನಡತೆ ಮೇಲೆ ಹೊರಬಂದರು. ಈಗ ಗಾರೆ ಕೆಲಸ.

ಮೊದಲ ಸಲ ಮೈಕು, ಶಾಮಿಯಾನ, 200 ಮಕ್ಕಳು. ಕೈಯಿಂದ 3 ಸಾವಿರ ಹೋಯಿತು. ಅಣ್ಣ ಹೊಡೆದಾಟದ ಕಥೆ ಶುರು ಮಾಡಿದ್ದೇ ಹಿಂದಿನ ಸಾಲಿನಿಂದ ಶಿಳ್ಳೆ! ಮಾರನೇ ವಾರ ಒಬ್ಬ ಹುಡುಗ ಮಚ್ಚು ಹಿಡಿದ ಫೋಟೋವನ್ನು ಸ್ಟೇಟಸ್ ಹಾಕಿಕೊಂಡಿದ್ದ. ಎರಡನೇ ಸಲ ಹೆದರಿಸಲು ಹೋದೆವು. ಅಮೆರಿಕದ ನ್ಯೂಜೆರ್ಸಿಯ ರಾಹ್ವೆ ಜೈಲಿನಲ್ಲಿ 1970ರ ದಶಕದಲ್ಲಿ ಜೀವಾವಧಿ ಕೈದಿಗಳು ಹುಡುಗರ ಮೇಲೆ ಕೂಗಾಡಿ ಹೆದರಿಸುತ್ತಿದ್ದರಂತೆ. ಇಂಥ ಕಾರ್ಯಕ್ರಮಗಳಿಗೆ ಹೋಗಿಬಂದ ಮಕ್ಕಳೇ ಹೆಚ್ಚು ತಪ್ಪು ಮಾಡಿದ್ದು ಆಮೇಲಿನ ಅಧ್ಯಯನಗಳಲ್ಲಿ ಗೊತ್ತಾಯಿತು. ನಾನು ಅದನ್ನು ಓದಿದ್ದು ಕೈ ಸುಟ್ಟುಕೊಂಡ ಮೇಲೆ.

ಮೂರನೇ ಸಲ ಮೈಕ್ ಇಲ್ಲ. ಒಂದೇ ಸೆಕ್ಷನ್, 25 ಮಕ್ಕಳು, ನೆಲದ ಮೇಲೆ ಕೂತೆವು. "ಅಣ್ಣಾ, ಹೊಡೆದಾಟ ಬೇಡ. ಖರ್ಚಿನ ಲೆಕ್ಕ ಹೇಳಿ" ಅಂದೆ.

ಅವರು ಚೀಲದಿಂದ ಒಂದು ಹಳೇ ಪಹಣಿ ತೆಗೆದರು. ಮಡಿಕೆಯಲ್ಲಿ ಹರಿದು, ಟೇಪ್ ಹಚ್ಚಿದ್ದು. "ಈ 20 ಗುಂಟೆ ನಮ್ಮಪ್ಪಂದು. ವಕೀಲರ ಫೀಸಿಗೆ ಹೋಯ್ತು." ತಂಗಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿಯಿತು. ಅಮ್ಮ ಎರಡು ಬಸ್ ಬದಲಿಸಿ ಮುಲಾಖಾತಿಗೆ ಬರುತ್ತಿದ್ದರು. ಕೊನೇ ವರ್ಷಗಳಲ್ಲಿ ಬರಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ.

"ಚಾಕು ಹಾಕಿದ್ದು ನೀವೇನಾ?" ಅಂದಳು ಒಬ್ಬ ಹುಡುಗಿ.

"ಇಲ್ಲಮ್ಮ. ನಾನು ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದೆ."

ಆಗ ಕ್ಲಾಸು ತಣ್ಣಗಾಯಿತು ನೋಡಿ. ಒಂದೇ ಉದ್ದೇಶದಿಂದ ಜೊತೆ ಸೇರಿದವನಿಗೂ ಅಷ್ಟೇ ಶಿಕ್ಷೆ ಕೊಡಿಸುವ ಹಳೇ ಐಪಿಸಿಯ (ಭಾರತೀಯ ದಂಡ ಸಂಹಿತೆ) 34ನೇ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 3(5) ಆಗಿದೆ. ನಾನು ಬೋರ್ಡಿನ ಮೇಲೆ ಬರೆದದ್ದು ಅದೊಂದೇ. "18 ಆಗೋವರೆಗೆ ಏನೂ ಆಗಲ್ಲ ಸಾರ್" ಅಂದ ಒಬ್ಬ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಘೋರ ಅಪರಾಧವಾದರೆ 16 ತುಂಬಿದವರನ್ನೂ ದೊಡ್ಡವರ ಹಾಗೆ ವಿಚಾರಣೆ ಮಾಡಬಹುದು ಅಂದಾಗ ಪಕ್ಕದವನ ಮುಖ ನೋಡಿದ.

ಮಧ್ಯೆ ಇನ್ನೊಂದು ಪ್ರಯೋಗವೂ ಆಯಿತು. ಕಮಿಷನ್ ಆಸೆಗೆ ಗೆಳೆಯನಿಗೆ ಬ್ಯಾಂಕ್ ಖಾತೆ ಕೊಟ್ಟು ಸೈಬರ್ ಕೇಸಿನಲ್ಲಿ ಸಿಕ್ಕಿದ್ದ ಹುಡುಗನನ್ನು ಕರೆಸಿದೆ. ಮಕ್ಕಳು "ಎಷ್ಟು ಕಮಿಷನ್ ಕೊಡ್ತಾರೆ?" ಅಂತ ಕೇಳಿದರು. ಅಲ್ಲಿಗೆ ನಿಲ್ಲಿಸಿದೆ.

ಈಗ ಒಂದು ಕ್ಲಾಸಿಗೆ ಹತ್ತಿರ ಹತ್ತಿರ 1,100 ರೂಪಾಯಿ ಬೀಳುತ್ತದೆ: ಅಣ್ಣನ ದಿನಗೂಲಿ, ಬಸ್ ಚಾರ್ಜು, ಊಟ. ಕೂಲಿ ಕೊಡದೆ ಕರೆಯಬೇಡಿ. ಪೋಕ್ಸೋ ಕೇಸಿನವರನ್ನು ಕರೆಯಲೇಬೇಡಿ. ಮಕ್ಕಳನ್ನು ಬಿಟ್ಟು ಟೀ ಕುಡಿಯಲು ಹೋಗಬೇಡಿ. ಮೊದಲ ಐದು ನಿಮಿಷ ನಾವಿಬ್ಬರೂ ಏನು ಮಾಡುತ್ತೇವೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ, ಅದು ನಮ್ಮ ಗುಟ್ಟು.

ಇಲ್ಲಿಗೆ ಹನ್ನೊಂದೋ ಹನ್ನೆರಡೋ ಕ್ಲಾಸ್ ಆಗಿವೆ. ಮಚ್ಚಿನ ಫೋಟೋ ಹಾಕಿದ್ದ ಹುಡುಗ ಈಗ ಅಣ್ಣನನ್ನು ಬಸ್‌ಸ್ಟ್ಯಾಂಡಿನಿಂದ ಸೈಕಲ್ಲಿನಲ್ಲಿ ಕರೆತರುತ್ತಾನೆ. ಹೋದ ತಿಂಗಳು, ಅವತ್ತು ನಕ್ಕಿದ್ದ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಅವರಿಗೆ ಪಕ್ಕದೂರಿಗೆ ವರ್ಗವಾಗಿದೆ. "ಆ ಅಣ್ಣನ್ನ ನಮ್ಮಲ್ಲಿಗೂ ಕಳಿಸ್ತೀರಾ?" ಅಂದರು. ದಿನಗೂಲಿ, ಬಸ್ ಚಾರ್ಜಿನ ಲೆಕ್ಕ ಹೇಳಿದೆ. "ನೋಡೋಣ ಮೇಷ್ಟ್ರೇ" ಅಂತ ಇಟ್ಟುಬಿಟ್ಟರು.