ತುಕ್ಕು ಹೋಗಲಿ, ಲೇಪ ಉಳಿಯಲಿ

ದಾವಣಗೆರೆಯ ಹತ್ತಿ ಮಿಲ್ಲುಗಳಿಗೆ ಪಾಳಿಯ ಮೇಲೆ ಹೋಗುತ್ತಿದ್ದವರ ಎಷ್ಟೋ ಮನೆಗಳಲ್ಲಿ ಮೆಟ್ಟಿಲ ಕೆಳಗೊಂದು ಹಳೆಯ ಕಪ್ಪು ಸೈಕಲ್ ಇಂದಿಗೂ ಒರಗಿ ನಿಂತಿದೆ. ಗುಜರಿಗೆ ಹಾಕುವ ಮುನ್ನ ಹ್ಯಾಂಡಲ್ಲಿನ ರಬ್ಬರ್ ಹಿಡಿಕೆಯನ್ನೊಮ್ಮೆ ಜಾರಿಸಿ ನೋಡಿ. ನಮ್ಮ ತಂದೆಯ ಸೈಕಲ್ಲಿನ ಹ್ಯಾಂಡಲ್ ಪೂರ್ತಿ ಕಂದಿತ್ತು. ಹಿಡಿಕೆಯ ಅಡಿಯಲ್ಲಿ ನಾಲ್ಕು ಬೆರಳಗಲ ಮಾತ್ರ, ಅವರು ಕೊಂಡು ತಂದ ದಿನದ ಹೊಳಪು ಹಾಗೆಯೇ ಇತ್ತು.

ಮೊದಲು ಬಿಚ್ಚಿಕೊಳ್ಳಿ. ಪ್ರತಿ ಭಾಗ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಕಚ್ಚಿಕೊಂಡ ನಟ್ಟಿಗೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಎಡ ಪೆಡಲಿನ ತಿರುಪು ಉಲ್ಟಾ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಹಿಡಿಯುವ ಕಾಟರ್ ಪಿನ್ ಹೊರಡಿಸುವಾಗ ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮನಾಗಿ ಬಿಡಿ, ಮೇಲೆ ಮರದ ತುಂಡಿಟ್ಟು ಬಡಿಯಿರಿ. ಇಲ್ಲವಾದರೆ ತಿರುಪು ಜಜ್ಜಿಹೋಗುತ್ತದೆ.

ಇನ್ನು ಹೊಳಪಿನ ಕೆಲಸ. ಹ್ಯಾಂಡಲ್ಲಿಗೆ ಹೊಳಪು ಕೊಡುವ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ತುಕ್ಕನ್ನು ತಡೆಯುವುದು ಅದರಡಿಯ ನಿಕ್ಕಲ್. ಆದ್ದರಿಂದ ಉಪ್ಪುಕಾಗದ ಮುಟ್ಟಲೇಬೇಡಿ. ಅವಸರದಲ್ಲಿ ನಾನು ಹ್ಯಾಂಡಲ್ಲಿನ ಬಲಬದಿಯನ್ನು ಅದರಿಂದ ಉಜ್ಜಿದೆ. ಪ್ರತಿ ಮಳೆಗಾಲದಲ್ಲೂ ಅಲ್ಲಿ ತುಕ್ಕು ಮರಳಿ ಬರುತ್ತದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಎಡಬದಿಗೆ ಬಳಸಿದ್ದು ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ. ಅದನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಗೀರು ಬೀಳುವುದಿಲ್ಲ. ಕಪ್ಪು ರಾಡಿ ಏಳುತ್ತದೆ. ಒರೆಸಿ ಮತ್ತೆ ಉಜ್ಜಿ. ಕೊನೆಗೂ ಉಳಿಯುವ ಸಣ್ಣ ಚುಕ್ಕೆಗಳು ಲೇಪವೇ ಹಾರಿಹೋದ ಜಾಗಗಳು. ಅಲ್ಲಿಗೆ ನಿಲ್ಲಿಸಿ.

ಲೇಪವಿಲ್ಲದ ನಟ್ಟು, ಬೋಲ್ಟುಗಳನ್ನು ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯಿರಿ. ನಮ್ಮೂರಿನ ಬಿಸಿಲಿಗೆ ಬೇಗ ಒಣಗುತ್ತವೆ. ಒಣಗಿದ ಕೂಡಲೇ ಎಣ್ಣೆ ಸವರಿ, ತಡಮಾಡಿದರೆ ಹೊಸ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯ ಲಾಂಛನವಿದ್ದರೆ ದೇವರ ಪಾತ್ರೆ ಬೆಳಗುವ ಹುಣಸೆಹಣ್ಣು, ಉಪ್ಪು ಸಾಕು. ಕಬ್ಬಿಣಕ್ಕೆ ಮಾತ್ರ ಉಪ್ಪು ತಾಗಿಸಬೇಡಿ. ಬೇರಿಂಗ್ ಗುಂಡು, ಸ್ಪ್ರಿಂಗ್‌ಗಳನ್ನು ಹುಳಿಯಲ್ಲಿ ನೆನೆಸಿದರೆ ಉಕ್ಕು ಪೆಡಸಾಗಿ ಮುರಿಯಬಹುದು. ಅವಕ್ಕೆ ಸೀಮೆಎಣ್ಣೆಯೇ ಸರಿ. ಮಡ್‌ಗಾರ್ಡಿನ ಬಣ್ಣದ ಗೆರೆಗಳ ಮೇಲೆ ಮೆತ್ತನೆಯ ಒದ್ದೆ ಬಟ್ಟೆ ಸಾಕು.

ಹೊಳಪು ಬಂದ ಮೇಲೆ ತೆಳ್ಳಗೆ ಮಷೀನ್ ಎಣ್ಣೆ ಒರೆಸಿ. ರಿಮ್ಮಿಗೆ ಮಾತ್ರ ಬೇಡ: ಸರಳಿನ ಬ್ರೇಕಿನ ರಬ್ಬರ್ ತುಂಡುಗಳು ಒತ್ತುವುದು ರಿಮ್ಮಿನ ಒಳಮೈಗೆ. ಅಲ್ಲಿ ಎಣ್ಣೆಯ ಪಸೆಯಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

ಬೆಲ್ಲನ್ನು ಕೊನೆಗೆ ಜೋಡಿಸಿ. ಒಳಗಿನ ಹಲ್ಲುಚಕ್ರಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ಮೇಲಿನ ಬಟ್ಟಲನ್ನು ತಿರುಗಿಸಿ ಕೂರಿಸಿ. ಬಟ್ಟಲಿನ ಅಂಚು ಬುಡಕ್ಕೆ ತಾಗಬಾರದು. ತಾಗಿದರೆ ಟ್ರಿಣ್ ಎನ್ನುವ ಬದಲು ಟಕ್ ಎನ್ನುತ್ತದೆ. ಆಗ ಬಿಚ್ಚಿ, ನಡುವೆ ತೆಳು ವಾಷರ್ ಹಾಕಿ ಮತ್ತೆ ಬಾರಿಸಿ ನೋಡಿ.